ಬೆಟ್ಟವನ್ನು ಓದಲು ಬಂದವರು



ದೂರದ ಬೆಟ್ಟ ನುಣ್ಣಗೆ ಅನ್ನುವ ಗಾದೆ ನಮಗೆಲ್ಲ ಬಾಯಿಪಾಠ. ಇವತ್ತು ನಾನು ಹೇಳಹೊರಟಿರುವುದು ಆ ಗಾದೆಯನ್ನೇ ತಲೆಕೆಳಗು ಮಾಡಿದ ಕಥೆ. ದೂರದಿಂದ ನೋಡಿದವರಿಗೆ ಬೆಟ್ಟ ಹರಿದು ಚಿಂದಿಯಾದಂತೆ ಕಂಡಿತು. ಹತ್ತಿರ ಹೋದರೆ ಅಲ್ಲಿ ಯಾರೋ ಕೂತು ತೇಪೆ ಹಾಕುತ್ತಿದ್ದರು. ಆ ತೇಪೆ ಹಾಕುವವರ ಕಡೆ ತಿರುಗಿ ನೋಡಲು ವಿಜ್ಞಾನಕ್ಕೆ ಸುಮಾರು 180 ವರ್ಷ ಹಿಡಿಯಿತು.

ನಾನು ಮಲೆನಾಡಿನವನು. ನಮ್ಮ ಮನೆಯ ಹಿಂದೆಯೇ ಗುಡ್ಡ. ಜಡಿಮಳೆಯ ರಾತ್ರಿ ದರೆ ಜರಿಯುವ ಸದ್ದು ಕೇಳಿ, ಅಪ್ಪ ಲಾಟೀನು ಹಿಡಿದು ಹೊರಗೆ ಓಡುವುದನ್ನು ನೋಡಿ ಬೆಳೆದವನು. ಅಂಥವನಿಗೆ ಬೆಟ್ಟದ ಬಗ್ಗೆ ಯಾರು ಏನು ಬರೆದರೂ ಓದುವ ಚಟ ಅಂಟಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಕಥೆ ಶುರುವಾಗುವುದು ನಮ್ಮಿಂದ ಬಹಳ ದೂರದಲ್ಲಿ, ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ. 1802ರ ಜೂನ್ ತಿಂಗಳು. ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಎಂಬ ಜರ್ಮನ್ ಮಹಾಶಯ ಚಿಂಬೊರಾಜೊ ಪರ್ವತ ಹತ್ತಲು ಹೊರಟ. ಜಗತ್ತಿನಲ್ಲೇ ಅತಿ ಎತ್ತರದ ಪರ್ವತ ಅದೇ ಎಂದು ಆಗ ಯುರೋಪಿನವರ ನಂಬಿಕೆ. ತುದಿ ಮುಟ್ಟಲಾಗಲಿಲ್ಲ, ದೊಡ್ಡದೊಂದು ಬಿರುಕು ಅಡ್ಡ ಬಂತು. ಆದರೆ ಅವನು ಬರಿಗೈಯಲ್ಲಿ ಇಳಿಯಲಿಲ್ಲ. ಗಾಳಿಯ ಒತ್ತಡ, ಬಿಸಿಲು, ಚಳಿ, ಯಾವ ಎತ್ತರದಲ್ಲಿ ಯಾವ ಗಿಡ ಬೆಳೆಯುತ್ತದೆ ಎಂಬ ವಿವರ, ಎಲ್ಲವನ್ನೂ ಒಂದೇ ಚಿತ್ರದಲ್ಲಿ ಬರೆದಿಟ್ಟ. 1807ರಲ್ಲಿ ಅದು ಅಚ್ಚಾಯಿತು. ಅಲ್ಲಿಯವರೆಗೆ ಗಿಡದವರು ಗಿಡ ನೋಡುತ್ತಿದ್ದರು, ಕಲ್ಲಿನವರು ಕಲ್ಲು ನೋಡುತ್ತಿದ್ದರು. ಬೆಟ್ಟವನ್ನು ಇಡಿಯಾಗಿ ಒಂದೇ ಹಾಳೆಯ ಮೇಲೆ ಓದಬಹುದು ಎಂದು ತೋರಿಸಿದವನು ಹಂಬೋಲ್ಟ್.

ಆಮೇಲಿನ ನೂರು ವರ್ಷ ಬೇಗ ದಾಟೋಣ. ಎತ್ತರ ಅಳೆದರು, ಶಿಖರಗಳಿಗೆ ಹೆಸರಿಟ್ಟರು, ಬಾವುಟ ನೆಟ್ಟರು. 1937ರಲ್ಲಿ ಜರ್ಮನರ ತಂಡವೊಂದು ಹಿಮಾಲಯದ ನಂಗಾ ಪರ್ಬತ್ ಹತ್ತಲು ಬಂತು. ಒಂದೇ ರಾತ್ರಿ ಹಿಮ ಕುಸಿದು 16 ಮಂದಿ ಮಲಗಿದಲ್ಲೇ ಹೋದರು. ಅವರಲ್ಲಿ 9 ಮಂದಿ ಶೆರ್ಪಾಗಳು. ಅದೇ ತಂಡದ ಜೊತೆ ಬಂದಿದ್ದ ಭೂಗೋಳ ವಿಜ್ಞಾನಿ ಕಾರ್ಲ್ ಟ್ರೋಲ್‌ಗೆ ಶಿಖರದ ಹುಚ್ಚು ಇರಲಿಲ್ಲ. ಅವನು ಇಳಿಜಾರುಗಳಲ್ಲಿ ಓಡಾಡಿ ಗಿಡಮರಗಳ ನಕ್ಷೆ ಮಾಡುತ್ತಿದ್ದ, ಹಾಗಾಗಿ ಉಳಿದುಕೊಂಡ. ಮಣ್ಣು, ನೀರು, ಸಸ್ಯ ಇವುಗಳನ್ನು ಬೇರೆ ಬೇರೆ ಮಾಡಿ ನೋಡಬಾರದು ಎಂಬ ಅವನ ಪಾಠವನ್ನು ಮುಂದಿನ ತಲೆಮಾರಿನವರು ತಲೆಗೇರಿಸಿಕೊಂಡರು.

ಇಷ್ಟೆಲ್ಲ ಆದರೂ ಒಬ್ಬರು ಈ ಲೆಕ್ಕದಲ್ಲಿ ಬರಲೇ ಇಲ್ಲ. ಬೆಟ್ಟದ ಮೇಲೆ ಮನೆ ಕಟ್ಟಿಕೊಂಡು, ದನ ಮೇಯಿಸಿಕೊಂಡು, ಗದ್ದೆ ಮಾಡಿಕೊಂಡು ಇದ್ದವರು. 1970ರ ದಶಕದಲ್ಲಿ ಅವರು ಲೆಕ್ಕಕ್ಕೆ ಬಂದದ್ದೇನೋ ಹೌದು, ಆದರೆ ಬಂದದ್ದು ಆರೋಪಿಗಳಾಗಿ.

ಆ ಕಾಲದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಹಿಮಾಲಯದ ಹಳ್ಳಿಗಳಲ್ಲಿ ಜನ ಹೆಚ್ಚಾದರು, ಸೌದೆಗಾಗಿ ಕಾಡು ಕಡಿದರು, ಕಡಿದಾದ ಇಳಿಜಾರಿನಲ್ಲೂ ಗದ್ದೆ ಮಾಡಿದರು, ಮಣ್ಣು ಸಡಿಲವಾಗಿ ಗುಡ್ಡ ಜರಿಯಿತು, ಆ ಮಣ್ಣು ಗಂಗೆಗೆ ಬಿದ್ದು ಬಾಂಗ್ಲಾದೇಶ ಮುಳುಗಿತು. ಒಂದಕ್ಕೊಂದು ಕೊಂಡಿ ಎಷ್ಟು ಚೆಂದ ಕೂಡಿಕೊಂಡಿದೆ ನೋಡಿ! ಎರಿಕ್ ಎಕ್‌ಹೋಮ್ ಎಂಬ ಅಮೆರಿಕದ ಲೇಖಕ 1976ರಲ್ಲಿ ಪುಸ್ತಕ ಬರೆದ ಮೇಲಂತೂ ಇದು ವೇದವಾಕ್ಯವಾಯಿತು. 2000ದ ಹೊತ್ತಿಗೆ ನೇಪಾಳದಲ್ಲಿ ಕೈಗೆಟುಕುವ ಕಾಡೇ ಇರುವುದಿಲ್ಲ ಎಂದು ದೊಡ್ಡ ದೊಡ್ಡ ವರದಿಗಳು ಭವಿಷ್ಯ ನುಡಿದವು.

ಇದನ್ನು ಮೊದಮೊದಲು ನಂಬಿದವರಲ್ಲೇ ಒಬ್ಬ ನನ್ನ ಕಥಾನಾಯಕ. ಹೆಸರು ಜಾಕ್ ಐವ್ಸ್. ಹುಟ್ಟಿದ್ದು 1931ರಲ್ಲಿ, ಇಂಗ್ಲೆಂಡಿನ ಗ್ರಿಮ್ಸ್‌ಬಿ ಎಂಬ ಮೀನುಗಾರರ ಊರಿನಲ್ಲಿ. ಸಮುದ್ರದ ದಡದವನು ಬೆಟ್ಟಕ್ಕೆ ಮರುಳಾದ. ಕೆನಡಾದ ಹಿಮದಲ್ಲಿ ಅಲೆದು, ಅಮೆರಿಕದಲ್ಲಿ ಸಂಸ್ಥೆಯೊಂದನ್ನು ನಡೆಸಿ, ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಯೋಜನೆಯ ಮೇಲೆ 1978ರ ಹೊತ್ತಿಗೆ ನೇಪಾಳಕ್ಕೆ ಬಂದ. ಕಠ್ಮಂಡುವಿನ ವಾಯವ್ಯಕ್ಕಿರುವ ಕಾಕನಿ ಎಂಬ ದಿಬ್ಬದ ಊರಿನಲ್ಲಿ ಗುಡ್ಡ ಕುಸಿತದ ಅಪಾಯದ ನಕ್ಷೆ ಮಾಡುವುದು ಕೆಲಸ.

ಕಾಕನಿಯ ಇಳಿಜಾರು ನೋಡಿದರೆ ಎದೆ ಝಲ್ಲೆನ್ನುವಂತಿತ್ತು. ಮೆಟ್ಟಿಲುಗದ್ದೆಗಳ ನಡುವೆ ಕೆಂಪು ಗಾಯಗಳು, ಅರ್ಧ ಗದ್ದೆ ಕೆಳಗೆ ಜಾರಿ ನಿಂತಿದೆ. ತಂಡ ಫೋಟೋ ತೆಗೆಯಿತು, ನಕ್ಷೆಯಲ್ಲಿ ಗುರುತು ಹಾಕಿತು. ಆದರೆ ಈ ತಂಡದಲ್ಲಿ ಮಣ್ಣಿನವರು, ಕಲ್ಲಿನವರು ಮಾತ್ರ ಇರಲಿಲ್ಲ. ಊರಿನವರ ಜೊತೆ ಕೂತು ಮಾತಾಡುವುದನ್ನೇ ಕೆಲಸ ಮಾಡಿಕೊಂಡವರೂ ಇದ್ದರು. ಅವರು ರೈತರನ್ನು ಕೇಳಿದರು: ಇದು ಜರಿಯುತ್ತದೆ ಅಂತ ನಿಮಗೆ ಗೊತ್ತಿರಲಿಲ್ಲವೇ?

ಗೊತ್ತಿಲ್ಲದೆ ಏನು! ಅಲ್ಲಿ ಎರಡು ಬಗೆಯ ಭೂಮಿ. ನೀರು ನಿಲ್ಲಿಸಿ ಭತ್ತ ಬೆಳೆಯುವುದು ಖೇತ್, ಮಳೆಯನ್ನೇ ನಂಬಿ ಮೆಕ್ಕೆಜೋಳ, ರಾಗಿ ಬೆಳೆಯುವುದು ಬಾರಿ. ನಮ್ಮ ಗದ್ದೆ, ಬೆದ್ದಲು ಇದ್ದಂತೆ ಅಂದುಕೊಳ್ಳಿ. ನೀರು ನಿಲ್ಲಿಸಿದರೆ ಇಳಿಜಾರು ನೆನೆದು ಭಾರವಾಗುತ್ತದೆ, ಒಂದು ದಿನ ಜಾರುತ್ತದೆ. ಅದು ಅಲ್ಲಿನವರಿಗೆ ಚೆನ್ನಾಗಿ ಗೊತ್ತು. ಆದರೆ ಅನ್ನ ಕೊಡುವುದು ಭತ್ತ. ಲಾಭ ನಷ್ಟ ತೂಗಿ ನೋಡಿಯೇ ಅವರು ಆ ಅಪಾಯವನ್ನು ಮೈಮೇಲೆ ಎಳೆದುಕೊಂಡಿದ್ದರು. ಜರಿಯುವ ಲಕ್ಷಣ ಕಂಡರೆ ನೀರು ತಿರುಗಿಸಿ ಖೇತನ್ನು ಬಾರಿ ಮಾಡುತ್ತಿದ್ದರು. ಜರಿದೇ ಹೋದರೆ ಮಣ್ಣು ಕೂರುವ ತನಕ ಕಾದು, ಕಲ್ಲು ಆಯ್ದು, ಮತ್ತೆ ಬದು ಕಟ್ಟುತ್ತಿದ್ದರು.

ಐವ್ಸ್ ಕೆಲವು ವರ್ಷ ಬಿಟ್ಟು ಕಾಕನಿಗೆ ಮರಳಿ ಹೋಗಿ, ಹಳೆಯ ಫೋಟೋ ತೆಗೆದ ಜಾಗದಲ್ಲೇ ನಿಂತು ಹೊಸ ಫೋಟೋ ತೆಗೆದ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಗಾಯವಿದ್ದ ಕಡೆ ಗದ್ದೆ! ವಿಜ್ಞಾನಿಗಳು ಸಾವಿನ ಚಿತ್ರ ಎಂದುಕೊಂಡದ್ದು ರಿಪೇರಿಯ ನಡುವಿನ ಒಂದು ದಿನದ ಚಿತ್ರವಾಗಿತ್ತು. ತಾನು ನಂಬಿದ್ದು ತಪ್ಪು ಎಂದು ಬರೆದು ಒಪ್ಪಿಕೊಳ್ಳಲು ವಿದ್ವಾಂಸರಿಗೆ ಎಷ್ಟು ಕಷ್ಟ ಅನ್ನುವುದು ನಿಮಗೆ ಗೊತ್ತು. ಆ ಮನುಷ್ಯ ಒಪ್ಪಿಕೊಂಡ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಯೇ.

ಇನ್ನೊಂದು ತಮಾಷೆ ಕೇಳಿ. ಹಿಮಾಲಯದಲ್ಲಿ ತಲೆಗೆ ಎಷ್ಟು ಸೌದೆ ಖರ್ಚಾಗುತ್ತದೆ ಎಂಬ ಲೆಕ್ಕಗಳನ್ನೆಲ್ಲ ಮೈಕೆಲ್ ಥಾಂಪ್ಸನ್ ಮತ್ತು ಮೈಕೆಲ್ ವಾರ್‌ಬರ್ಟನ್ ಎಂಬ ಸಂಶೋಧಕರು 1985ರಲ್ಲಿ ಎದುರುಬದುರು ಇಟ್ಟು ತೋರಿಸಿದರು. ಅತಿ ಕಡಿಮೆ ಅಂದಾಜಿಗೂ ಅತಿ ಹೆಚ್ಚಿನದಕ್ಕೂ 67 ಪಟ್ಟು ಅಂತರ! ಒಂದೇ ಒಲೆಗೆ ಒಬ್ಬರು ತಿಂಗಳಿಗೆ ಒಂದು ಹೊರೆ ಸಾಕು ಅಂದರೆ, ಇನ್ನೊಬ್ಬರು ದಿನಕ್ಕೆ ಎರಡು ಹೊರೆಗೂ ಮೇಲೆ ಬೇಕು ಅಂದ ಹಾಗೆ. ಇಂಥ ಲೆಕ್ಕ ಹಿಡಿದುಕೊಂಡು ಬೆಟ್ಟದ ಹೆಂಗಸರ ತಲೆಯ ಮೇಲೆ ಸೌದೆಹೊರೆಯ ಜೊತೆಗೆ ಬಾಂಗ್ಲಾದೇಶದ ಪ್ರವಾಹವನ್ನೂ ಹೊರಿಸಿದ್ದರು.

1986ರಲ್ಲಿ ಅಮೆರಿಕದ ಮೊಹೊಂಕ್ ಎಂಬಲ್ಲಿ ಎಲ್ಲ ಶಾಸ್ತ್ರದವರೂ ಸೇರಿ ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಬಡಿದು ನೋಡಿದರು. ಹೆಚ್ಚಿನವು ಟೊಳ್ಳು. 1989ರಲ್ಲಿ ಐವ್ಸ್ ಮತ್ತು ಅವನ ಗೆಳೆಯ, ಸ್ವಿಟ್ಜರ್‌ಲೆಂಡಿನ ಬ್ರೂನೊ ಮೆಸ್ಸೆರ್ಲಿ, ಹಿಮಾಲಯದ ಇಕ್ಕಟ್ಟನ್ನು ಕುರಿತ ಪುಸ್ತಕ ತಂದರು. ಮೆಸ್ಸೆರ್ಲಿ ಸುಮ್ಮನಾಗಲಿಲ್ಲ. ಶಿಷ್ಯ ಥಾಮಸ್ ಹೋಫರ್ ಜೊತೆ ಬಾಂಗ್ಲಾದೇಶದ ಪ್ರವಾಹಗಳ ಹಳೆಯ ದಾಖಲೆ ಕೆದಕಿದ. ಅಲ್ಲಿ ನೆರೆ ಬರುವುದಕ್ಕೆ ಮುಖ್ಯ ಕಾರಣ ಅಲ್ಲಿಯೇ ಮತ್ತು ಪಕ್ಕದ ಮೇಘಾಲಯದ ಬೆಟ್ಟಗಳಲ್ಲಿ ಸುರಿಯುವ ಮಳೆ. ನೇಪಾಳದ ರೈತನ ಕೊಡಲಿಯಲ್ಲ.

ನಂತರದ್ದು ಸಭೆಗಳ ಇತಿಹಾಸ, ಎರಡು ವಾಕ್ಯ ಸಾಕು. ಹಿಮಾಲಯದ ದೇಶಗಳಿಗಾಗಿ 1983ರಲ್ಲೇ ಕಠ್ಮಂಡುವಿನಲ್ಲಿ ಅಧ್ಯಯನ ಕೇಂದ್ರ ತೆರೆದಿತ್ತು. 1992ರ ರಿಯೊ ಶೃಂಗಸಭೆಯ ದಾಖಲೆಯಲ್ಲಿ ಪರ್ವತಗಳಿಗೆಂದೇ 13ನೆಯ ಅಧ್ಯಾಯ ಬಂತು, 2002 ಪರ್ವತಗಳ ವರ್ಷವಾಯಿತು, ಡಿಸೆಂಬರ್ 11 ಪರ್ವತ ದಿನವಾಯಿತು.

ಹಿಮಾಲಯದವರೆಗೆ ಹೋಗುವುದೇ ಬೇಡ, ನಮ್ಮ ಉತ್ತರ ಕನ್ನಡದಲ್ಲೇ ಇದೇ ಪಾಠ ಇನ್ನೂ ಮೊದಲು ನಡೆದಿತ್ತು. 1970ರ ದಶಕದ ನಡುವೆ ಮೇದಾರರು ಬುಟ್ಟಿ ಹೆಣೆಯಲು ಬಿದಿರು ಸಿಗುತ್ತಿಲ್ಲ ಎಂದು ಗೋಳಾಡಿದರು. ಕಾಗದದ ಕಾರ್ಖಾನೆಗೆ ಮಾತ್ರ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಹೋಗುತ್ತಿತ್ತು. ಸರ್ಕಾರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರನ್ನು ಕೇಳಿತು: ಸ್ವಲ್ಪ ನೋಡಿ ಹೇಳಿ. ಅವರು ಕಾಡು ಸುತ್ತಿದರು. ಮೆಳೆ ಚೆನ್ನಾಗಿ ಬೆಳೆಯಲಿ ಎಂದು ಬುಡದ ಮುಳ್ಳು ಸವರಿ ಚೊಕ್ಕಟ ಮಾಡುವುದು ಅರಣ್ಯ ಇಲಾಖೆಯ ಪದ್ಧತಿಯಾಗಿತ್ತು. ಊರಿನವರು ಹೇಳಿದ್ದು ಬೇರೆ. ಆ ಮುಳ್ಳೇ ಕಳಲೆಗೆ ಬೇಲಿ, ಅದನ್ನು ತೆಗೆದರೆ ದನವೂ ಮುಳ್ಳುಹಂದಿಯೂ ಎಳೆ ಕಳಲೆಯನ್ನೆಲ್ಲ ತಿಂದು ಮುಗಿಸುತ್ತವೆ. ಗಾಡ್ಗೀಳರು ವರ್ಷಗಟ್ಟಲೆ ಮೆಳೆ ಎಣಿಸಿ, ಅಳೆದು ನೋಡಿದರು. ಊರಿನವರ ಮಾತೇ ಸರಿ. ಬಹುಶಾಸ್ತ್ರೀಯ ಅಧ್ಯಯನ ಅಂತ ದೊಡ್ಡ ಮಾತಿನಲ್ಲಿ ಏನು ಹೇಳುತ್ತಾರೋ, ಅದರ ತಿರುಳು ನನಗೆ ಕಂಡದ್ದು ಇಷ್ಟೇ: ಜಗಲಿಯ ಮೇಲೆ ಸಸ್ಯಶಾಸ್ತ್ರದವರು, ಮಣ್ಣಿನವರು, ಲೆಕ್ಕದವರು ಎಲ್ಲ ಕೂತಾಗ, ಮೇದಾರನಿಗೂ ಒಂದು ಚಾಪೆ ಹಾಸಬೇಕು.

ನನ್ನ ಕೊರಗು ಈಗ ಬೇರೆ. ಚಾಪೆ ಹಾಸುವುದನ್ನು ಕಲಿಯುವ ಹೊತ್ತಿಗೆ ಕೂರಬೇಕಾದವರು ಎದ್ದು ಹೋಗುತ್ತಿದ್ದಾರೆ. ಭವಿಷ್ಯ ನುಡಿದಂತೆ ನೇಪಾಳದ ಕಾಡು ಮಾಯವಾಗಲಿಲ್ಲ. ಹಳ್ಳಿಯವರ ಕೈಗೆ ಕಾಡು ಒಪ್ಪಿಸಿದ ಮೇಲೆ ಅದು ಹೆಚ್ಚೇ ಆಯಿತು. ಆದರೆ ಹುಡುಗರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಿ ಮೆಟ್ಟಿಲುಗದ್ದೆಗಳು ಪಾಳು ಬೀಳುತ್ತಿವೆ. ಜರಿದ ಬದು ಜರಿದ ಹಾಗೆಯೇ ಇರುತ್ತದೆ. ಅದರ ಮೇಲೆ ಯಂತ್ರ ತಂದು ಇಳಿಜಾರು ಸೀಳಿ ರಸ್ತೆ ಮಾಡುತ್ತಾರೆ. ನಮ್ಮಲ್ಲಿ 2018ರಲ್ಲಿ ಕೊಡಗಿನ, 2024ರಲ್ಲಿ ಅಂಕೋಲೆಯ ಶಿರೂರಿನ ಗುಡ್ಡ ಜರಿದದ್ದನ್ನು ಕಂಡವರಿಗೆ ಮುಂದಿನದು ನಾನು ಹೇಳಬೇಕಾಗಿಲ್ಲ.

ನಮ್ಮಜ್ಜ ಮುಂಗಾರಿಗೆ ಮೊದಲು ಗುದ್ದಲಿ ಹಿಡಿದು ಮನೆಯ ಹಿಂದಿನ ಗುಡ್ಡ ಹತ್ತಿ ಬಸಿಗಾಲುವೆ ಬಿಡಿಸಿ ಬರುತ್ತಿದ್ದರು. ಅವರು ಹೋದ ಮೇಲೆ ಅದನ್ನು ಮಾಡುವವರಿಲ್ಲ. ಕಳೆದ ವರ್ಷ ನಾನೇ ಹೋದೆ. ತರಗೆಲೆ, ಲಂಟಾನ ಮುಚ್ಚಿಕೊಂಡು ಕಾಲುವೆ ಎಲ್ಲಿದೆ ಅಂತಲೇ ತಿಳಿಯಲಿಲ್ಲ. ಐವ್ಸ್ ಪುಸ್ತಕ ಓದಿದವನು ನಾನು, ಇಳಿಜಾರಿನ ಲೆಕ್ಕವೆಲ್ಲ ಬಾಯಲ್ಲಿದೆ. ಆದರೂ ಮೂರು ಕಡೆ ಅಗೆದು ಸುಸ್ತಾದೆ. ಅರವತ್ತು ದಾಟಿದ ನನ್ನನ್ನು ಇನ್ನೂ ಮಾಣಿ ಅನ್ನುವ ಪಕ್ಕದ ಮನೆಯ ಅಜ್ಜಿ ಜಗಲಿಯಿಂದಲೇ ಕೂಗಿದರು: "ಅಲ್ಲಲ್ಲ ಮಾಣಿ, ಇನ್ನೊಂಚೂರು ಮೇಲೆ ಹೋಗು. ಹಲಸಿನ ಮರದ ಬುಡದಿಂದ ಎಡಕ್ಕೆ."

ಗುದ್ದಲಿ ಹಾಕಿದೆ. ಅಲ್ಲೇ ಇತ್ತು.