ಹೆಬ್ಬಾತುಗಳ ಮಾಗಡಿ

ಮಾಗಡಿ ಎಂದರೆ ಬಹಳ ಮಂದಿಗೆ ಕೆಂಪೇಗೌಡರ ಮಾಗಡಿ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಗದಗ ಜಿಲ್ಲೆಯ ಶಿರಹಟ್ಟಿ ಕಡೆಯ ಮಾಗಡಿ, ನನ್ನ ತಾಯಿಯ ತವರು. ಹತ್ತಿರದ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಅಲ್ಲಿನ ಸೋಮೇಶ್ವರನ ಗುಡಿ, ಪಂಪನ ನಂಟು ನೀವು ಬಲ್ಲದ್ದೇ. ಹಾಗಾಗಿ ನೇರ ಮಾಗಡಿಯ ಕೆರೆಗೇ ಹೋಗೋಣ.

ಚಳಿಗಾಲದಲ್ಲಿ ಈ ಕೆರೆಯ ತುಂಬ ಪಟ್ಟೆತಲೆ ಹೆಬ್ಬಾತುಗಳು. ಬಿಳಿಯ ತಲೆ, ಹಿಂಬದಿಗೆ ಎರಡು ಕಪ್ಪು ಪಟ್ಟೆ. ಟಿಬೆಟ್, ಮಂಗೋಲಿಯಾಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ, ಮೇವಿಗೆ ಸುತ್ತಲಿನ ಹೊಲಗಳು. ನಮ್ಮ ಸೋದರಮಾವನ ಕಡ್ಲಿ ಹೊಲವೂ ಅವಕ್ಕೆ ಗೊತ್ತು. "ಪೀಕು ತಿಂದ್ವಲ್ಲ ಮಾಮಾ" ಅಂದರೆ, "ಅಷ್ಟು ದೂರದಿಂದ ಬಂದಾವ, ತಿನ್ನಲಿ ಬಿಡವ್ವಾ" ಅನ್ನುತ್ತಿದ್ದರು. ಇಂಥ ರೈತರಿಲ್ಲದೆ ಯಾವ ಕಾಯ್ದೆಯೂ ಈ ಹಕ್ಕಿಗಳನ್ನು ಕಾಯಲಾರದು.

ಪ್ರತಿ ಜನವರಿಯಲ್ಲಿ ಏಷ್ಯಾದ ಉದ್ದಗಲಕ್ಕೂ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಲ್ಲಿ ಶುರುವಾದ ಈ ಕೆಲಸವನ್ನು ಹೆಚ್ಚಾಗಿ ಹೊತ್ತವರು ಸ್ವಯಂಸೇವಕರೇ. ಮಾಗಡಿ ಕೆರೆ ಏರಿಯ ಮೇಲೆ ನಿಂತು ಎಣಿಸಿದವರಲ್ಲಿ ನಾನೂ ಒಬ್ಬಳು. ಎಣಿಸುವ ಬಗೆ ಹೀಗೆ: ಮೊದಲು ಹತ್ತು ಹಕ್ಕಿ ಎಣಿಸಿ, ಆ ಗುಂಪು ನೀರಿನ ಮೇಲೆ ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಿಗೆ ರೂಢಿ ಮಾಡಿಕೊಳ್ಳಬೇಕು. ಆಮೇಲೆ ಅದೇ ಅಳತೆಯಲ್ಲಿ ಹತ್ತು, ಇಪ್ಪತ್ತು, ಮೂವತ್ತು ಎಂದು ಎಡದಿಂದ ಬಲಕ್ಕೆ ಸಾಗುವುದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬರೆಯಬೇಕು. ಅಷ್ಟರಲ್ಲಿ ಗಿಡುಗ ಸುಳಿದು ಹಿಂಡೆಲ್ಲ ಎದ್ದರೆ, ಕೂತ ಮೇಲೆ ಮತ್ತೆ ಮೊದಲಿನಿಂದ! ಹೆಬ್ಬಾತುಗಳ ನಡುವೆ ಸೂಜಿಬಾಲದ ಬಾತು, ಅಗಲ ಕೊಕ್ಕಿನ ಬಾತುಗಳಿಗೂ ಬೇರೆ ಬೇರೆ ಲೆಕ್ಕ.

ಎಣಿಸುವಾಗ ಕೊರಳ ಮೇಲೂ ಕಣ್ಣಿರಲಿ: ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ ಓದಿದರೆ ಸಾಕು, ಆ ಹಕ್ಕಿಗೆ ಪಟ್ಟಿ ತೊಡಿಸಿದ್ದು ಎಲ್ಲೆಂದು ತಿಳಿಯುತ್ತದೆ.

ಒಂದು ವರ್ಷದ ಎಣಿಕೆಯಿಂದ ಹೆಚ್ಚೇನೂ ತಿಳಿಯದು. ಅದೇ ಕೆರೆಯನ್ನು ಅದೇ ತಿಂಗಳಲ್ಲಿ ವರ್ಷವರ್ಷವೂ ಎಣಿಸಿದಾಗಲೇ ಹಕ್ಕಿ ಹೆಚ್ಚಿತೋ ಕಡಿಮೆಯಾಯಿತೋ ಗೊತ್ತಾಗುವುದು. ಹಕ್ಕಿಯೇ ಇಲ್ಲದ ಕೆರೆಗೆ ಹೋದವರೂ ಸೊನ್ನೆ ಬರೆದು ಕಳಿಸಬೇಕು. ಕೆರೆ ಕೆಟ್ಟಿದ್ದರೆ ಮುಂದೆ ಆ ಸೊನ್ನೆಯೇ ಸಾಕ್ಷಿ.

ಕೊನೆಗೊಂದು ಮಾತು. 2024ರಲ್ಲಿ ಮಾಗಡಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ನಮ್ಮ ರಾಜ್ಯದ ಅಂಕಸಮುದ್ರ, ಅಘನಾಶಿನಿಗಳೂ ಜೊತೆಗೇ ಸೇರಿದವು. ನೋಡಲು ಬರುವವರು ಜನವರಿಯಲ್ಲಿ ಬನ್ನಿ, ಸದ್ದು ಮಾಡಬೇಡಿ. ಬರಲಾಗದವರು ನಿಮ್ಮೂರ ಕೆರೆಯನ್ನೇ ಎಣಿಸಿ. ಅದನ್ನೂ ಯಾರಾದರೂ ಎಣಿಸಲೇಬೇಕು.