ಮನೆಯ ಹಿರಿಯರ ಆರೈಕೆಯಲ್ಲಿ ನಮ್ಮ ಪಾಲು



ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದವರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಇಂದು ಅದು 70ರ ಆಸುಪಾಸಿನಲ್ಲಿದೆ. 2011ರ ಜನಗಣತಿಯ ಪ್ರಕಾರ ಅರವತ್ತು ದಾಟಿದವರ ಸಂಖ್ಯೆ ಹತ್ತು ಕೋಟಿಗೂ ಹೆಚ್ಚು. ಲಸಿಕೆ, ಔಷಧಿ, ಶುದ್ಧ ನೀರು ಇವೆಲ್ಲ ಸೇರಿ ನಮ್ಮ ಹಿರಿಯರ ಬದುಕಿಗೆ ವರ್ಷಗಳನ್ನು ಕೂಡಿಸಿವೆ. ಆ ವರ್ಷಗಳು ನೆಮ್ಮದಿಯಿಂದ ಕಳೆಯಬೇಕಾದರೆ ಮನೆಯವರ ಆರೈಕೆ ಬೇಕು. ಅದು ದೊಡ್ಡವರ ಕೆಲಸ, ಓದುವ ನಮಗೆ ಅದರಲ್ಲೇನಿದೆ ಎಂದು ನೀವು ಕೇಳಬಹುದು. ನಿಮ್ಮ ಪಾಲಿಗೂ ಸಾಕಷ್ಟು ಕೆಲಸವಿದೆ ಎಂಬುದೇ ಇಂದಿನ ಮಾತಿನ ತಿರುಳು.

ಮೊದಲು ಮುಪ್ಪಿನಲ್ಲಿ ದೇಹ ಹೇಗೆ ಬದಲಾಗುತ್ತದೆ ಎಂಬುದನ್ನು ತಿಳಿಯೋಣ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ. ದೇಹಕ್ಕೆ ನೀರು ಬೇಕಾಗಿದ್ದರೂ ಕುಡಿಯಬೇಕೆನಿಸುವುದಿಲ್ಲ. ಅದರ ಮೇಲೆ, ರಾತ್ರಿ ಮತ್ತೆ ಮತ್ತೆ ಏಳಬೇಕಾದೀತೆಂಬ ಅಳುಕಿನಿಂದ ಎಷ್ಟೋ ಅಜ್ಜಿಯರು ಸಂಜೆಯಾದ ಮೇಲೆ ನೀರನ್ನೇ ಮುಟ್ಟುವುದಿಲ್ಲ. ಇದರಿಂದ ಸುಸ್ತು, ಮಲಬದ್ಧತೆ, ಮೂತ್ರದ ಸೋಂಕು ಬರಬಹುದು. "ನೀರು ಬೇಕೇ?" ಎಂದು ಕೇಳಿದರೆ "ಬೇಡ" ಎಂಬ ಉತ್ತರವೇ ಬರುತ್ತದೆ. ಕೇಳುವ ಬದಲು ಹಗಲಿನಲ್ಲೇ ಒಂದು ಲೋಟ ನೀರನ್ನೋ ಮಜ್ಜಿಗೆಯನ್ನೋ ಕೈಗೆ ಕೊಟ್ಟು, ಎರಡು ಮಾತಾಡುತ್ತಾ ಪಕ್ಕದಲ್ಲಿ ಕುಳಿತುಕೊಳ್ಳಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಬೇಕು.

ಎರಡನೆಯದು ಬೀಳುವ ಅಪಾಯ. ಮುಪ್ಪಿನಲ್ಲಿ ಮೂಳೆಯ ಸಾಂದ್ರತೆ ಇಳಿದಿರುತ್ತದೆ. ಯುವಕನೊಬ್ಬ ಬಿದ್ದು ಮೈ ಕೊಡವಿಕೊಂಡು ಏಳುವ ಕಡೆ ಹಿರಿಯರ ಸೊಂಟದ ಮೂಳೆ ಮುರಿಯಬಹುದು. ಮಲಗಿದ್ದವರು ಒಮ್ಮೆಲೇ ಎದ್ದು ನಿಂತರೆ ರಕ್ತದೊತ್ತಡ ಥಟ್ಟನೆ ಇಳಿದು ತಲೆ ಸುತ್ತುವುದುಂಟು. ಆದ್ದರಿಂದ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಆಮೇಲೆ ಏಳುವಂತೆ ನೆನಪಿಸಬೇಕು. ಬಚ್ಚಲಿನ ಪಾಚಿ ಉಜ್ಜುವುದು, ಗೋಡೆಗೆ ಹಿಡಿಕೆ ಹಾಕಿಸುವುದು, ಹೊಸ್ತಿಲ ಬಳಿ ರಾತ್ರಿ ಸಣ್ಣ ದೀಪ ಉರಿಸುವುದು, ಜಾರುವ ಚಾಪೆ ತೆಗೆಯುವುದು ಇವೆಲ್ಲ ಒಂದು ಭಾನುವಾರ ನೀವು ಮುಂದೆ ನಿಂತು ಮಾಡಿಸಬಹುದಾದ ಕೆಲಸಗಳು.

ಮೂರನೆಯದು ಔಷಧಿ. ಸಕ್ಕರೆ ಕಾಯಿಲೆಗೆ ಒಬ್ಬ ವೈದ್ಯರು, ಮಂಡಿನೋವಿಗೆ ಇನ್ನೊಬ್ಬರು, ಸಾಲದೆಂಬಂತೆ ಅಂಗಡಿಯಿಂದ ತಂದ ನೋವಿನ ಮಾತ್ರೆ. ಒಂದೇ ಔಷಧಿ ಎರಡು ಹೆಸರಿನಲ್ಲಿ ಎರಡು ಬಾರಿ ಹೊಟ್ಟೆ ಸೇರುವುದೂ ಉಂಟು. ನೋವಿನ ಕೆಲವು ಮಾತ್ರೆಗಳನ್ನು ದೀರ್ಘಕಾಲ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ಇನ್ನು ಕೆಲವರು ಹುಷಾರಾಯಿತೆಂದು ರಕ್ತದೊತ್ತಡದ ಮಾತ್ರೆಯನ್ನು ತಾವೇ ನಿಲ್ಲಿಸಿಬಿಡುತ್ತಾರೆ. ಓದು ಬರಹ ಬಲ್ಲ ನೀವು ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು ಇವನ್ನು ದಪ್ಪ ಅಕ್ಷರದಲ್ಲಿ ಒಂದು ಹಾಳೆಗೆ ಬರೆದು ಗೋಡೆಗೆ ಅಂಟಿಸಿ. ವೈದ್ಯರಲ್ಲಿಗೆ ಹೋಗುವಾಗ ಅದರದೇ ಪ್ರತಿ ಜೊತೆಗಿರಲಿ.

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆ ನಮ್ಮಲ್ಲಿದೆ. ಈ ಗಾದೆಯನ್ನು ನಂಬಿ ಕುಳಿತರೆ ಅಪಾಯ. ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಏಕಾಏಕಿ ಗೊಂದಲದ ಮಾತಾಡತೊಡಗಿದರೆ ಅದಕ್ಕೆ ಸೋಂಕು, ನೀರಿನ ಕೊರತೆ, ರಕ್ತದಲ್ಲಿ ಉಪ್ಪಿನಂಶ ಇಳಿದಿರುವುದು ಇಲ್ಲವೇ ಔಷಧಿಯ ದುಷ್ಪರಿಣಾಮ ಕಾರಣವಿರಬಹುದು. ಅಂದೇ ವೈದ್ಯರಿಗೆ ತೋರಿಸಿದರೆ ಇವಕ್ಕೆ ಚಿಕಿತ್ಸೆ ಉಂಟು. ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ ಮರೆವಿನ ಕಾಯಿಲೆ ಬೇರೆ. ಜರ್ಮನಿಯ ವೈದ್ಯ ಅಲೋಯಿಸ್ ಅಲ್‌ಝೈಮರ್ 1906ರಲ್ಲಿ ವಿವರಿಸಿದ, ಅವರ ಹೆಸರನ್ನೇ ಹೊತ್ತ ಕಾಯಿಲೆ ಈ ಬಗೆಯದು. ಇಂಥವರು ಕೇಳಿದ್ದನ್ನೇ ಹತ್ತು ಸಲ ಕೇಳುವುದು ಹಟದಿಂದಲ್ಲ. ಕೊಟ್ಟ ಉತ್ತರ ಮಿದುಳಿನಲ್ಲಿ ನಿಂತಿರುವುದಿಲ್ಲ, ಅಷ್ಟೆ. "ಆಗಲೇ ಹೇಳಲಿಲ್ಲವೇ?" ಎಂದು ಗದರಿದರೆ ಗದರಿಕೆಯ ಕಾರಣ ಅವರಿಗೆ ಮರೆತುಹೋಗುತ್ತದೆ, ನೋವು ಮಾತ್ರ ಉಳಿಯುತ್ತದೆ. ಹತ್ತನೆಯ ಸಲವೂ ಮೊದಲ ಸಲದಂತೆಯೇ ಉತ್ತರಿಸುವ ತಾಳ್ಮೆಯನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಪಾರ್ಶ್ವವಾಯುವಿನ ಲಕ್ಷಣಗಳು ಪ್ರತಿಯೊಬ್ಬ ವಿದ್ಯಾರ್ಥಿಗೂ ಬಾಯಿಪಾಠವಾಗಿರಬೇಕು. ಮುಖದ ಒಂದು ಬದಿ ಜೋಲುವುದು, ಒಂದು ಕೈ ಶಕ್ತಿ ಕಳೆದುಕೊಳ್ಳುವುದು, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ. ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಲಕ್ಷಣ ಕಂಡ ಹೊತ್ತನ್ನು ಗುರುತು ಹಾಕಿಕೊಳ್ಳುವುದೂ ಮುಖ್ಯ.

ಆರೈಕೆಗೆ ಇನ್ನೊಂದು ಮುಖವಿದೆ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿನಲ್ಲಿ, ಸೊಂಟದಲ್ಲಿ ಹುಣ್ಣಾಗುತ್ತದೆ. ಹಗಲೂ ರಾತ್ರಿ ಈ ಕೆಲಸ ಮಾಡುವವರು ಯಾರು? ಹೆಚ್ಚಿನ ಮನೆಗಳಲ್ಲಿ ತಾಯಿ, ಸೊಸೆ ಅಥವಾ ಮಗಳು. ಅವರ ನಿದ್ದೆ, ಬೆನ್ನುನೋವು, ಬೇಸರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಕೆಲವು ಮನೆಗಳಲ್ಲಿ ಹುಡುಗಿಯ ಕಾಲೇಜು ನಿಲ್ಲುತ್ತದೆ, ಹುಡುಗನ ಕ್ರಿಕೆಟ್ ನಿಲ್ಲುವುದಿಲ್ಲ. ಒಬ್ಬರೇ ಹೊತ್ತ ಭಾರ ಕೊನೆಗೆ ಸಿಡುಕಾಗಿ ಹಿರಿಯರ ಮೇಲೆಯೇ ಇಳಿಯುತ್ತದೆ. ಆದ್ದರಿಂದ ಆರೈಕೆ ಮಾಡುವವರನ್ನು ನೋಡಿಕೊಳ್ಳುವುದೂ ಆರೈಕೆಯೇ. ವಾರಕ್ಕೆ ಒಂದು ಸಂಜೆಯಾದರೂ "ಅಮ್ಮಾ, ಇವತ್ತು ಅಜ್ಜಿಯ ಹತ್ತಿರ ನಾನಿರುತ್ತೇನೆ, ನೀನು ಹೊರಗೆ ಹೋಗಿ ಬಾ" ಎಂದು ಹೇಳಿ ನೋಡಿ. ಈ ಮಾತನ್ನು ಗಂಡುಮಕ್ಕಳೂ ಹೇಳಬೇಕು.

ಕಾನೂನು ಕೂಡ ಹಿರಿಯರ ಬೆನ್ನಿಗಿದೆ. 2007ರಲ್ಲಿ ಬಂದ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಂತೆ, ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ಹಿರಿಯರು ಮಕ್ಕಳಿಂದ ಜೀವನಾಂಶ ಕೇಳಬಹುದು. ಇಲ್ಲಿ 'ಮಕ್ಕಳು' ಎಂಬ ಮಾತಿನಲ್ಲಿ ವಯಸ್ಕರಾದ ಮೊಮ್ಮಕ್ಕಳೂ ಸೇರಿದ್ದಾರೆ ಎಂಬುದನ್ನು ಕಾಲೇಜು ವಿದ್ಯಾರ್ಥಿಗಳು ಗಮನಿಸಬೇಕು. ನೆರೆಹೊರೆಯಲ್ಲಿ ಒಂಟಿಯಾದ, ತೊಂದರೆಗೊಳಗಾದ ಹಿರಿಯರಿದ್ದರೆ 14567 ಎಂಬ ರಾಷ್ಟ್ರೀಯ ಸಹಾಯವಾಣಿಯನ್ನು ತಿಳಿಸಿಕೊಡಿ.

ಕಡೆಯದಾಗಿ ಒಂದು ಮಾತು. ಹಿರಿಯರಿಗೆ ಔಷಧಿಯಷ್ಟೇ ಅಗತ್ಯವಾದದ್ದು ತಾವು ಮನೆಗೆ ಬೇಕಾದವರು ಎಂಬ ಭಾವನೆ. ಅವರ ಕೈಯಲ್ಲಾಗುವ ಕೆಲಸವನ್ನು ಅವರಿಂದ ಕಸಿಯಬೇಡಿ. ಸೊಪ್ಪು ಬಿಡಿಸಲಿ, ಹೂ ಕಟ್ಟಲಿ, ಲೆಕ್ಕ ಬರೆಯಲಿ. ಅವರ ವಿಷಯವನ್ನು ಅವರೆದುರೇ, ಅವರು ಇಲ್ಲವೆಂಬಂತೆ ಮಾತಾಡಬೇಡಿ. ಕಿವಿ ಮಂದವಾದವರ ಮುಂದೆ ಕಿರುಚದೆ, ಎದುರು ಕುಳಿತು, ಮುಖ ಕಾಣುವಂತೆ ನಿಧಾನವಾಗಿ ಮಾತಾಡಿ. ಇದಕ್ಕೆ ಹಣ ಬೇಡ. ದಿನಕ್ಕೆ ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ನಿಮ್ಮೆಲ್ಲರ ಬಳಿ ಇದೆ.