ಶರೀರದ ಪುನರುತ್ಥಾನ ಮತ್ತು ದಿನನಿತ್ಯದ ವಿಶ್ವಾಸ

ಕ್ರೈಸ್ತ ನಂಬಿಕೆಗಳನ್ನು ವಿಚಾರಿಸಲು ಸೇರಿರುವ ಈ ಸಮ್ಮೇಳನದ ಮುಂದೆ ತ್ರೈಏಕತ್ವ, ದೇವರ ಮನುಷ್ಯಾವತಾರ, ವಿಮೋಚನೆ ಮೊದಲಾದ ದೊಡ್ಡ ವಿಷಯಗಳಿದ್ದರೂ, ಅಧ್ಯಕ್ಷಪೀಠದಿಂದ ಶರೀರದ ಪುನರುತ್ಥಾನವೆಂಬ ಒಂದೇ ಸಿದ್ಧಾಂತವನ್ನು ಎತ್ತಿಕೊಳ್ಳುವುದು ಉಚಿತವೆನಿಸುತ್ತದೆ. ಏಕೆಂದರೆ ಆರಾಧನೆಯಲ್ಲಿ ಮತ್ತೆ ಮತ್ತೆ ಬಾಯಿಬಿಟ್ಟು ಹೇಳುವ ಈ ನಂಬಿಕೆ, ಮನೆಯಲ್ಲಿ ಸಾವಾದಾಗ, ಅಂದರೆ ಅದರ ಅಗತ್ಯ ಹೆಚ್ಚಾಗಿರುವ ಹೊತ್ತಿನಲ್ಲೇ, ಬಹುಮಟ್ಟಿಗೆ ಮರೆತುಹೋಗುತ್ತದೆ.

ಸಭೆಯೆಲ್ಲ ಎದ್ದುನಿಂತು ಒಟ್ಟಾಗಿ ಹೇಳುವ ನಂಬಿಕೆಯ ಸಂಕ್ಷಿಪ್ತ ನಿರೂಪಣೆಗೆ ವಿಶ್ವಾಸ ಪ್ರಮಾಣವೆಂದು ಹೆಸರು. ಬಳಕೆಯಲ್ಲಿರುವ ಎರಡರಲ್ಲಿ ಅಪೊಸ್ತಲರ ಪ್ರಮಾಣವು ಶರೀರದ ಪುನರುತ್ಥಾನವನ್ನೇ ಹೆಸರಿಸುತ್ತದೆ, ಕ್ರಿ.ಶ. 325ರ ನೈಸಿಯಾ ಮಹಾಸಭೆಯಲ್ಲಿ ಮೊದಲ್ಗೊಂಡು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯೊಂದಿಗೆ ವಿಸ್ತೃತ ರೂಪ ಪಡೆದ ನೈಸಿಯಾದ ಪ್ರಮಾಣವು ಮೃತರ ಪುನರುತ್ಥಾನವನ್ನೂ ಬರಲಿರುವ ಲೋಕದ ಜೀವನವನ್ನೂ ಎದುರುನೋಡುತ್ತ ಮುಗಿಯುತ್ತದೆ. ದೇಹವೆಂಬ ಸೆರೆಯಿಂದ ಆತ್ಮ ಬಿಡುಗಡೆ ಹೊಂದುತ್ತದೆಂಬ ವಿಚಾರ ಪ್ಲೇಟೋನ ಪರಂಪರೆಯ ಗ್ರೀಕ್ ಚಿಂತನೆಯಲ್ಲಿ ಬೇರೂರಿದ್ದು, ಈ ಎರಡು ಪ್ರಮಾಣಗಳ ಮಾತಿನಲ್ಲಿ ಅದಕ್ಕೆ ಎಡೆಯಿಲ್ಲ. ಅಥೆನ್ಸಿನಲ್ಲಿ ಸಂತ ಪೌಲನು ಸತ್ತವರ ಪುನರುತ್ಥಾನವನ್ನು ಪ್ರಸ್ತಾಪಿಸಿದೊಡನೆ ಕೇಳುಗರಲ್ಲಿ ಕೆಲವರು ಅಪಹಾಸ್ಯ ಮಾಡಿದರೆಂದು ಅಪೊಸ್ತಲರ ಕೃತ್ಯಗಳ ಗ್ರಂಥ ದಾಖಲಿಸಿದೆ. ಆ ನಗರದ ವಿದ್ಯಾವಂತರಿಗೆ ಆತ್ಮದ ಅಮರತ್ವವಾಗಿದ್ದರೆ ಬಹುಶಃ ನಗು ಬರುತ್ತಿರಲಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಪೌಲನು ಬಿತ್ತಿದ ಕಾಳನ್ನೂ ಅದರಿಂದ ಮೇಲೆದ್ದ ಪೈರನ್ನೂ ಮುಂದಿಟ್ಟು, ಹೂಳಲ್ಪಟ್ಟ ದೇಹ ಇದ್ದಂತೆಯೇ ಮರಳುವುದಿಲ್ಲ, ಆದರೂ ಎಬ್ಬಿಸಲ್ಪಡುವುದಕ್ಕೂ ಅದಕ್ಕೂ ಸಂಬಂಧ ಕಡಿಯುವುದಿಲ್ಲ ಎಂಬ ಕಠಿಣ ವಿಚಾರವನ್ನು ವಿವರಿಸುತ್ತಾನೆ.

ಇಂದಿನ ಕನ್ನಡ ಕ್ರೈಸ್ತ ಮನೆಗಳಲ್ಲಿ ಸಾವಿನ ಸಂದರ್ಭದಲ್ಲಿ ಕೇಳಿಬರುವ ಮಾತುಗಳು ಹೆಚ್ಚಾಗಿ ಆತ್ಮದ ಶಾಂತಿಯನ್ನು ಕುರಿತವು. ನೆರೆಹೊರೆಯ ಭಾಷೆಯಿಂದ ಬಂದ ಈ ಸಾಂತ್ವನವನ್ನು ಹೀಗಳೆಯುವುದು ಪಾಂಡಿತ್ಯದ ದರ್ಪವಾದೀತು. ದೇಹವನ್ನು ಬಿಟ್ಟು ಕ್ರಿಸ್ತನ ಬಳಿಗೆ ಹೋಗಲು ಪೌಲನೇ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಹಂಬಲಿಸಿದ್ದಾನೆ. ಆದರೆ ಅಲ್ಲಿಗೇ ನಿಂತರೆ ನಿರೀಕ್ಷೆಯ ಅರ್ಧ ಭಾಗ ಮಾತ್ರ ಕೈಗೆ ಸಿಗುತ್ತದೆ. ದೇಹವನ್ನು ದೇವರು ಬಿಸಾಡುವುದಿಲ್ಲವೆಂಬ ನಂಬಿಕೆಯೇ ರೋಗಿಯ ಶುಶ್ರೂಷೆಗೂ ಹಸಿದವರ ಊಟಕ್ಕೂ ಶವದ ಗೌರವಕ್ಕೂ ಕ್ರೈಸ್ತ ಬದುಕಿನಲ್ಲಿ ಧಾರ್ಮಿಕ ತೂಕ ಕೊಟ್ಟದ್ದು.

ಬೋಧನೆ ಸೊರಗಿದ ಕಡೆ ಆಚರಣೆಯೇ ಸಿದ್ಧಾಂತವನ್ನು ಉಳಿಸಿಕೊಂಡು ಬಂದಿದೆ. ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಕಥೋಲಿಕ ಕುಟುಂಬಗಳು ಸಮಾಧಿಗಳನ್ನು ಶುಚಿಗೊಳಿಸಿ ಹೂವು, ಮೇಣದ ಬತ್ತಿ ಇಟ್ಟು ಗುರುಗಳಿಂದ ಆಶೀರ್ವಾದ ಮಾಡಿಸುತ್ತವೆ. ಅಗಲಿದವರು ದೇವರ ದರ್ಶನಕ್ಕೆ ಮುನ್ನ ಹಾದುಹೋಗುವ ಶುದ್ಧೀಕರಣದ ಸ್ಥಿತಿಯನ್ನೂ ಅವರಿಗಾಗಿ ಸಲ್ಲಿಸುವ ಪ್ರಾರ್ಥನೆಯ ಫಲವನ್ನೂ 1563ರಲ್ಲಿ ಟ್ರೆಂಟ್ ಮಹಾಸಭೆ ಎತ್ತಿಹಿಡಿಯಿತು. ಪ್ರೊಟೆಸ್ಟೆಂಟ್ ಸುಧಾರಕರು ಈ ಬೋಧನೆಯನ್ನು ತಿರಸ್ಕರಿಸಿದರು. ಆದರೂ ಮೃತರಿಗಾಗಿ ಪ್ರಾರ್ಥಿಸದ ಹಲವು ಪ್ರೊಟೆಸ್ಟೆಂಟ್ ಸಭೆಗಳು ಈಸ್ಟರ್ ದಿನ ನಸುಕಿನಲ್ಲಿ ಸಮಾಧಿಗಳ ನಡುವೆಯೇ ನಿಂತು ಆರಾಧಿಸುತ್ತವೆ. ಜರ್ಮನಿಯ ಹೆರ್ನ್‌ಹುಟ್ಟಿನಲ್ಲಿ ಮೊರೇವಿಯನ್ ಪಂಥದವರು 1732ರಲ್ಲಿ ಆರಂಭಿಸಿದ ಈ ಪದ್ಧತಿಗಿಂತ ಸ್ಪಷ್ಟವಾದ ಪುನರುತ್ಥಾನದ ಪಾಠ ಯಾವ ಪ್ರಸಂಗದಲ್ಲೂ ಸಿಗಲಾರದು.

ದಹನದ ಪ್ರಶ್ನೆ ಇದೇ ನಂಬಿಕೆಯನ್ನು ವ್ಯವಹಾರಕ್ಕೆ ಎಳೆತರುತ್ತದೆ. 1917ರ ಧರ್ಮಸಭಾ ಕಾನೂನಿನಲ್ಲಿ ನಿಷೇಧಕ್ಕೊಳಗಾಗಿದ್ದ ದಹನಕ್ಕೆ, ಪುನರುತ್ಥಾನವನ್ನು ಅಲ್ಲಗಳೆಯುವ ಉದ್ದೇಶವಿಲ್ಲದಿದ್ದರೆ ಅಡ್ಡಿಯಿಲ್ಲವೆಂದು ವ್ಯಾಟಿಕನ್ 1963ರಲ್ಲಿ ತಿಳಿಸಿತು. ಚಿತಾಭಸ್ಮವನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇರಿಸಬೇಕೆಂದು 2016ರ ಸೂಚನೆ ಹೇಳಿತು. ದೇವರ ಶಕ್ತಿಗೆ ಬೆಂಕಿ ತಡೆಯಲ್ಲವೆಂಬ ವಾದ ಎರಡರ ಹಿಂದೆಯೂ ಇದೆ. 2020ರ ಜುಲೈನಲ್ಲಿ, ಕೇರಳದ ಆಲಪ್ಪುಳದಲ್ಲಿ, ನೆಲವನ್ನು ಸ್ವಲ್ಪ ಅಗೆದರೆ ನೀರು ಒಸರುವ ಕಾರಣ ಕೋವಿಡ್ ನಿಯಮದಷ್ಟು ಆಳದ ಗುಂಡಿ ತೋಡಲಾಗದಿದ್ದಾಗ, ಅಲ್ಲಿನ ಲ್ಯಾಟಿನ್ ಧರ್ಮಪ್ರಾಂತ್ಯವು ಮೃತರನ್ನು ಚರ್ಚಿನ ಸ್ಮಶಾನದಲ್ಲೇ ದಹಿಸಿ ಭಸ್ಮವನ್ನು ಅಲ್ಲಿಯೇ ಹೂಳಲು ಒಪ್ಪಿತು. ಶತಮಾನಗಳ ರೂಢಿ ಬದಲಾಯಿತು, ನಂಬಿಕೆ ಬದಲಾಗಲಿಲ್ಲ. ಇವೆರಡನ್ನು ಬೇರ್ಪಡಿಸಿ ನೋಡುವ ಧೈರ್ಯ ಆ ನಿರ್ಧಾರದಲ್ಲಿತ್ತು.

ಬೆಂಗಳೂರಿನಂಥ ನಗರಗಳ ಕ್ರೈಸ್ತ ಸ್ಮಶಾನಗಳಲ್ಲಿ ಸ್ಥಳ ಕಡಿಮೆಯಾಗುತ್ತಿರುವಾಗ ಈ ವಿವೇಚನೆ ಇಲ್ಲಿಯೂ ತಡೆಯಲಾಗದ ಅಗತ್ಯ. ಒಂದೇ ಗುಂಡಿಯನ್ನು ಕುಟುಂಬದವರು ಮತ್ತೆ ಬಳಸುವುದು, ಭಸ್ಮಕ್ಕೆ ಗೋಡೆಗೂಡು ಕಟ್ಟಿಸುವುದು ಮುಂತಾದವನ್ನು ಸಮಿತಿಗಳು ಜಾಗದ ಲೆಕ್ಕದಲ್ಲಷ್ಟೇ ತೀರ್ಮಾನಿಸಿ, ಧರ್ಮಗುರುಗಳೂ ಸಭಾಪಾಲಕರೂ ಅಂತ್ಯಕ್ರಿಯೆಯ ಉಪದೇಶದಲ್ಲಿ ಆ ತೀರ್ಮಾನಕ್ಕೂ ವಿಶ್ವಾಸ ಪ್ರಮಾಣಕ್ಕೂ ಇರುವ ನಂಟನ್ನು ವಿವರಿಸದೆ ಹೋದರೆ, ಶೋಕತಪ್ತ ಮನೆಯವರಿಗೆ ಅದು ಬರಿಯ ನಿಯಮವಾಗಿ ಕಾಣುತ್ತದೆ. ಆದ್ದರಿಂದ ಸಮ್ಮೇಳನದ ಗೋಷ್ಠಿಗಳು ಈ ಉಪದೇಶದ ಸ್ವರೂಪವನ್ನೂ ಸ್ಮಶಾನ ಸಮಿತಿಗಳ ನಿಯಮಾವಳಿಯನ್ನೂ ಒಂದೇ ಮೇಜಿನ ಮೇಲಿಟ್ಟು ಚರ್ಚಿಸುವುದು ಅಪೇಕ್ಷಣೀಯ.